ಉತ್ತರ ಕೊಟ್ಟವರು

ಬುಧವಾರ ಹನ್ನೊಂದು ಗಂಟೆಗೆ ಪಕ್ಕದ ಮನೆಯ ಟೈಲರ್, ಆಫೀಸಿನಲ್ಲಿದ್ದ ಅವಳ ಮೊಬೈಲಿಗೆ ಫೋನ್ ಮಾಡಿ, "ನಿಮ್ಮತ್ತೆ ಇನ್ನೂ ಗೇಟ್ ಹತ್ರಾನೇ ಕೂತಿದ್ದಾರೆ, ಒಳಗೆ ಬನ್ನಿ ಅಂದ್ರೆ ಕೇಳ್ತಾನೇ ಇಲ್ಲ" ಎಂದಾಗ ಅವಳಿಗೆ ಮೊದಲು ಬಂದದ್ದು ಕೋಪ. ಗಾಬರಿ ಆಮೇಲೆ ಬಂತು. ಅವಳದು ಯಾವಾಗಲೂ ಇದೇ ಕ್ರಮ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆಂದು ಆಫೀಸಿನವರು ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮನೆ ತಲುಪಿದಾಗ ಅತ್ತೆ ಗಾಲಿಕುರ್ಚಿಯಲ್ಲಿ, ತೊಡೆಯ ಮೇಲೆ ಆಸ್ಪತ್ರೆಯ ಚೀಲ ಇಟ್ಟುಕೊಂಡು, ಸುಡುಬಿಸಿಲಿನಲ್ಲಿ ರಸ್ತೆಯನ್ನೇ ನೋಡುತ್ತಿದ್ದರು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿಕೊಂಡಿತ್ತು. ವಾರಕ್ಕೆ ಮೂರು ಸಲ, ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಎಂಟೂವರೆಗೆ ಅವರು ಡಯಾಲಿಸಿಸ್ ಹಾಸಿಗೆಯ ಮೇಲಿರಬೇಕು. ತಡವಾದರೆ ಹಾಸಿಗೆ ಬೇರೆಯವರ ಪಾಲು. ಹೋದ ಶುಕ್ರವಾರವೂ ಹೀಗೇ ವಾಹನ ಬಾರದೆ ತಪ್ಪಿತ್ತು. ಸೋಮವಾರ ಡಾಕ್ಟರು ಅವರ ಕಾಲನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿಯನ್ನು ತೋರಿಸಿ, "ಹೀಗೇ ತಪ್ಪಿಸ್ತಾ ಹೋದ್ರೆ ನೀರು ಎದೆಗೆ ತುಂಬುತ್ತೆ, ಆಮೇಲೆ ನನ್ನನ್ನ ಕೇಳ್ಬೇಡಿ" ಎಂದಿದ್ದರು.

"ವಾಹನ ಕೇಳಿದ್ರಾ ಇಲ್ವಾ?" ಅವಳು ಬಂದವಳೇ ಕೇಳಿದಳು.

"ಕೇಳ್ದೆ. ಬರುತ್ತೆ ಅಂತು."

"ಬರುತ್ತೆ ಅಂದಿದ್ರೆ ಬರ್ತಿತ್ತು ಅತ್ತೆ. ನೀವು ಏನೋ ತಪ್ಪು ಒತ್ತಿರ್ತೀರಿ. ಕನ್ನಡಕ ಹಾಕ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ!"

"ತಪ್ಪು ಒತ್ತಿಲ್ಲ ಕಣೇ."

"ಆ ಸರ್ವರ್ ನೋಡ್ಕೊಳ್ಳೋದೇ ನಾನು. ನಂಗೊತ್ತಿಲ್ವಾ?"

ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಅಂದಳು. ಟೈಲರ್ ತನ್ನ ಕಾರಿನ ಬಾಗಿಲನ್ನು ಸುಮ್ಮನೆ ಒರೆಸುತ್ತ ನಿಂತವರು, "ಏಳೂವರೆ ಒಳಗೆ ಒಂದು ಮಾತು ಹೇಳಿದ್ರೆ ಅಂಗಡಿಗೆ ಹೋಗೋವಾಗ ನಾನೇ ಬಿಡ್ತಿದ್ದೆ. ವಾಹನ ಬರುತ್ತೆ ಅಂತ ನನ್ನ ಕಳಿಸಿಬಿಟ್ರು" ಎಂದರು.

ಅತ್ತೆ ಚೀಲದಿಂದ ಕ್ಲಿಪ್ಪು ಹಾಕಿದ ಒಂದು ಕಟ್ಟು ಚೀಟಿ ತೆಗೆದು ಸೊಸೆಯ ಕೈಗಿತ್ತರು. ಅವರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದ ಊರಿಗೆ ಮಾತಾಡಬೇಕಾದವರು ಎಕ್ಸ್‌ಚೇಂಜಿಗೆ ಹೇಳಿ ಕಾಯುತ್ತಿದ್ದ ಕಾಲ ಅದು. ಕೇಳಿದ ಪ್ರತಿ ಕರೆಗೂ ಒಂದು ಚೀಟಿ, ಕರೆ ಸೇರಿ ಮಾತು ಮುಗಿಯುವ ತನಕ ಆ ಚೀಟಿ ಕ್ಲಿಪ್ಪಿನಿಂದ ಇಳಿಯುವ ಹಾಗಿರಲಿಲ್ಲ. ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಆ ಚಾಳಿ ಬಿಟ್ಟಿರಲಿಲ್ಲ. ಗ್ಯಾಸಿಗೆ ಹೇಳಿದರೂ ಚೀಟಿ, ನಲ್ಲಿ ರಿಪೇರಿಯವನಿಗೆ ಹೇಳಿದರೂ ಚೀಟಿ. ಮನೆಯಲ್ಲಿ ಎಲ್ಲರೂ ಅದನ್ನು ತಮಾಷೆ ಮಾಡಿ ನಗುವವರೇ.

ಮೇಲಿನ ಚೀಟಿಯಲ್ಲಿ ಗುಂಡಗಿನ ಅಕ್ಷರಗಳಲ್ಲಿ ಹೀಗಿತ್ತು: *ಕೇಳಿದ ಸಮಯ 7-12. ಉತ್ತರ ಬಂದ ಸಮಯ 7-12. ಉತ್ತರ: ವಾಹನ ಬರುತ್ತದೆ. ಉತ್ತರ ಕೊಟ್ಟವರು: ಕಂಪ್ಯೂಟರ್.* ಕೊನೆಯ ಸಾಲು, *ಮುಗಿದ ಸಮಯ*, ಖಾಲಿ. ಶುಕ್ರವಾರದ ಚೀಟಿಯಲ್ಲೂ ಅದೇ ಸಾಲು ಖಾಲಿ.

"ಇನ್ನೊಂದು ಹೇಳ್ತೀನಿ ಕೇಳು" ಅತ್ತೆ ಉಸಿರೆಳೆದುಕೊಂಡು ಹೇಳಿದರು. "ಬೇರೆ ದಿನ ಪಟ್ ಅಂತ ಹೇಳುತ್ತೆ. ಇವತ್ತು ತಡವರಿಸ್ತು. ಹೋದ ಶುಕ್ರವಾರಾನೂ ತಡವರಿಸಿತ್ತು. ಸುಳ್ಳು ಹೇಳೋರು ಹಾಗೇ."

"ಕಂಪ್ಯೂಟರ್ ಸುಳ್ಳು ಹೇಳುತ್ತಾ ಅತ್ತೆ?"

"ನಂಗೇನು ಗೊತ್ತು. ಬರುತ್ತೆ ಅಂತ ಬಾಯಿಬಿಟ್ಟು ಹೇಳಿದ್ಮೇಲೆ ನಂಬದೆ ಏನ್ಮಾಡ್ಲಿ?"

ಅವಳು ಅತ್ತೆಯನ್ನು ಒಳಗೆ ಕರೆದೊಯ್ದು, ಆಸ್ಪತ್ರೆಗೆ ಫೋನ್ ಮಾಡಿ ಜಗಳಾಡಿ, ಹಾಸಿಗೆ ಸಿಗುವುದು ಇನ್ನು ಶುಕ್ರವಾರಕ್ಕೇ ಎಂದು ಕೇಳಿಸಿಕೊಂಡಳು. ಅಲ್ಲಿಯವರೆಗೆ ದಿನಕ್ಕೆ ಎರಡು ಲೋಟದ ಮೇಲೆ ನೀರು ಕೊಡಬೇಡಿ, ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ ಕರೆತನ್ನಿ ಎಂದರು. ಮುದ್ರಣಾಲಯದ ಮೊದಲ ಪಾಳಿ ಮುಗಿಸಿ ಗಂಡ ಬಂದ ಮೇಲೆ ಅವರ ತಾಯಿಯನ್ನು ಅವರಿಗೆ ಒಪ್ಪಿಸಿ, ಚೀಟಿಗಳ ಕಟ್ಟು ಹಿಡಿದು ಆಫೀಸಿಗೆ ಹೊರಟಳು. ಅತ್ತೆಯ ತಪ್ಪನ್ನು ಸಾಕ್ಷಿ ಸಮೇತ ತೋರಿಸಿ ಬಾಯಿ ಮುಚ್ಚಿಸಬೇಕೆಂಬ ಹಠವೂ ಸ್ವಲ್ಪ ಇತ್ತೆನ್ನಬೇಕು.

ನಡೆಯಲಾಗದ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ವಾಹನಗಳ ಸೇವೆ ಅದು. ಅದರಲ್ಲಿ ಅವಳ ಕೆಲಸ ಹೇಳುವುದು ಸುಲಭ. ಎಲ್ಲೋ ಒಬ್ಬರು ಫೋನಿನಲ್ಲಿ ಗುಂಡಿ ಒತ್ತುತ್ತಾರೆ, ಕೋರಿಕೆ ಸರ್ವರ್‌ಗೆ ಬರುತ್ತದೆ. ಸರ್ವರ್ ಅದನ್ನು ಬಿಚ್ಚಿ ನೋಡಿ, ಯಾವ ವಾಹನ ಖಾಲಿ ಇದೆ ಎಂದು ಡಿಪೋದ ಯಂತ್ರವನ್ನು ಕೇಳಿ, ಒತ್ತಿದವರಿಗೆ ಉತ್ತರ ಕಳಿಸುತ್ತದೆ. ಪ್ರತಿ ಉತ್ತರದ ನೆತ್ತಿಯ ಮೇಲೂ ಒಂದು ಸಂಖ್ಯೆ. ಇನ್ನೂರು ಎಂದರೆ ಎಲ್ಲ ಸರಿಯಾಗಿದೆ. ನಾನೂರರ ಸಾಲಿನದಾದರೆ ಕೇಳಿದವರು ತಪ್ಪಾಗಿ ಕೇಳಿದ್ದಾರೆ. ಐನೂರರ ಸಾಲಿನದಾದರೆ ಕೇಳಿದ್ದು ಸರಿ, ತಪ್ಪು ನಮ್ಮದು. ಅವಳು ಬೆಳಿಗ್ಗೆ ಗೇಟಿನ ಹತ್ತಿರ, ಏನನ್ನೂ ನೋಡದೆ, ಅತ್ತೆಗೆ ನಾನೂರರ ಸಾಲಿನ ಉತ್ತರ ಕೊಟ್ಟು ಬಂದಿದ್ದಳು.

ಬಂದುಹೋದ ಕೋರಿಕೆಗಳೆಲ್ಲ ದಾಖಲಾಗುವ ಲಾಗ್ ತೆರೆದಳು. ಅತ್ತೆಯ ಕೋರಿಕೆ ಇತ್ತು. ಏಳು ಹನ್ನೆರಡು, ಎಂಟನೆಯ ಸೆಕೆಂಡು. ವಿಳಾಸ ಸರಿ, ಆಸ್ಪತ್ರೆ ಸರಿ, ಸಮಯ ಸರಿ, ಗಾಲಿಕುರ್ಚಿ ಇದೆ ಎಂಬ ಗುರುತೂ ಸರಿ. ಕನ್ನಡಕವಿಲ್ಲದೆ ಒತ್ತಿದರೂ ಎಳ್ಳಷ್ಟೂ ತಪ್ಪಿರಲಿಲ್ಲ. ಉತ್ತರ ಹೋದದ್ದು ಹನ್ನೊಂದನೆಯ ಸೆಕೆಂಡಿನಲ್ಲಿ: ಇನ್ನೂರು, ವಾಹನ ಬರುತ್ತದೆ. ಆದರೆ ಡಿಪೋದ ಪಟ್ಟಿಯಲ್ಲಿ ಆ ಹೊತ್ತಿಗೆ ಆ ವಿಳಾಸದ ಯಾವ ವಾಹನವೂ ಇರಲಿಲ್ಲ. ಶುಕ್ರವಾರದ್ದೂ ಹಾಗೇ. ಮಿಕ್ಕ ದಿನಗಳ ಉತ್ತರ ಅರ್ಧ ಸೆಕೆಂಡಿನಲ್ಲಿ ಹೋಗಿದ್ದರೆ, ಆ ಎರಡು ದಿನ ಮಾತ್ರ ಸರಿಯಾಗಿ ಮೂರು ಸೆಕೆಂಡು. ಅತ್ತೆ ತಡವರಿಸಿತು ಎಂದದ್ದು ಇದನ್ನೇ.

ಅವಳ ಪಿತ್ತ ನೆತ್ತಿಗೇರಿತು. ಕೋಡ್ ತೆರೆದು ಆ ಜಾಗಕ್ಕೆ ಹೋದಳು. ಡಿಪೋ ಯಂತ್ರಕ್ಕೆ ಸರ್ವರ್ ಮೂರು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಉತ್ತರ ಸಿಗದಿದ್ದರೆ ದೋಷ ಏಳುತ್ತದೆ. ಆ ದೋಷವನ್ನು ಹಿಡಿದ ಮೇಲೆ ಮತ್ತೊಮ್ಮೆ ಕೇಳಬೇಕು, ಇಲ್ಲವೇ ವಾಹನ ಇಲ್ಲ ಎಂದಾದರೂ ಹೇಳಬೇಕು. ಅಲ್ಲಿದ್ದದ್ದು ಒಂದೇ ಸಾಲು. ದೋಷವನ್ನು ನುಂಗಿ, ಇನ್ನೂರು ಹಾಕಿ, ವಾಹನ ಬರುತ್ತದೆ ಎಂದು ಕಳಿಸಿಬಿಡು.

ಯಾರು ಬರೆದದ್ದೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಒಬ್ಬ ಪುಣ್ಯಾತ್ಮನಿದ್ದ. ಆಫೀಸಿನಲ್ಲಿ ಏನು ಕೆಟ್ಟರೂ ಎಲ್ಲರೂ ಅವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದರು. ಅವನಿಗೆ ಫೋನ್ ಮಾಡಿ ಬೆವರಿಳಿಸಬೇಕು, ನಿನ್ನ ತಾಯಿಯನ್ನು ಮೂರು ತಾಸು ಬಿಸಿಲಿನಲ್ಲಿ ಕೂರಿಸಿದ್ದರೆ ಗೊತ್ತಾಗುತ್ತಿತ್ತು ಎಂದು ಅನ್ನಬೇಕು, ಇನ್ನೂ ಏನೇನೋ ಅನ್ನಬೇಕು. ಮಾತುಗಳನ್ನೆಲ್ಲ ನಾಲಿಗೆಯ ಮೇಲೆ ಜೋಡಿಸಿಟ್ಟುಕೊಂಡೇ ಆ ಸಾಲಿನ ಇತಿಹಾಸ ತೆಗೆದಳು.

ಇದ್ದದ್ದು ಅವಳ ಹೆಸರು.

ಮೂರು ವರ್ಷದ ಹಿಂದಿನ ತಾರೀಖು. ಪಕ್ಕದಲ್ಲಿ ಅವಳೇ ಬರೆದ ಟಿಪ್ಪಣಿ: *ತಾತ್ಕಾಲಿಕ. ಪ್ರದರ್ಶನ ಮುಗಿದ ಕೂಡಲೇ ತೆಗೆಯಬೇಕು.* ಎಲ್ಲ ನೆನಪಾಯಿತು. ಮೇಲಿನವರ ಎದುರು ಸೇವೆಯನ್ನು ಮೊದಲ ಸಲ ತೋರಿಸುವ ದಿನ. ಡಿಪೋ ಯಂತ್ರ ಆಗಾಗ ಮುಗ್ಗರಿಸುತ್ತಿತ್ತು. ಮುಖ್ಯಸ್ಥರು ಬೆನ್ನ ಹಿಂದೆ ನಿಂತು, "ಇವತ್ತೊಂದು ದಿನ ಪರದೆ ಮೇಲೆ ಕೆಂಪು ಕಾಣಬಾರದು, ಏನಾದ್ರೂ ಮಾಡಿ" ಎಂದಿದ್ದರು. ಅವಳು ಏನಾದರೂ ಮಾಡಿದ್ದಳು. ಪ್ರದರ್ಶನ ಚೆನ್ನಾಗಿ ನಡೆದು, ಎಲ್ಲರೂ ಚಪ್ಪಾಳೆ ತಟ್ಟಿ, ಅವಳು ಆ ಸಾಲನ್ನು ಮರೆತಳು. ಮೂರು ವರ್ಷ ಅದಕ್ಕೆ ಹೆಚ್ಚು ಕೆಲಸವೂ ಇರಲಿಲ್ಲ. ಹೋದ ತಿಂಗಳು ಫೋನ್ ವಿಭಾಗ ಮುಚ್ಚಿ, ಅಲ್ಲಿದ್ದ ಆರು ಹೆಂಗಸರನ್ನು ಮನೆಗೆ ಕಳಿಸಿ, ರೋಗಿಗಳನ್ನೆಲ್ಲ ವೆಬ್‌ಸೈಟಿಗೆ ತಳ್ಳಿದ ಮೇಲೆ, ಬೆಳಗಿನ ಏಳರಿಂದ ಎಂಟರ ನಡುವೆ ಡಿಪೋ ಯಂತ್ರಕ್ಕೆ ಉಸಿರು ಕಟ್ಟತೊಡಗಿತ್ತು.

ಮೂರು ಸೆಕೆಂಡು ಹಿಡಿದ ಇನ್ನೂರುಗಳನ್ನೆಲ್ಲ ಲಾಗ್‌ನಿಂದ ಹೆಕ್ಕಿದಳು. ಹೋದ ಒಂದೇ ತಿಂಗಳಲ್ಲಿ ಸಾವಿರದ ನಾನೂರ ಹನ್ನೆರಡು. ಅಷ್ಟು ಸಲ ಯಾರೋ ಒಬ್ಬರು ಗೇಟಿನ ಹತ್ತಿರ ಚೀಲ ಇಟ್ಟುಕೊಂಡು ಕೂತಿದ್ದಾರೆ. ಅಷ್ಟು ಮನೆಗಳಲ್ಲಿ ಯಾರೋ ಒಬ್ಬರು, ನೀನೇ ತಪ್ಪು ಒತ್ತಿರುತ್ತೀಯ ಎಂದು ಬೈದಿರುತ್ತಾರೆ. ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ತನ್ನ ಕಡೆಗೇ ತಿರುಗಿ, ಅವಳಿಗೆ ತನ್ನನ್ನು ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಸಂಜೆ ಮನೆಯಲ್ಲಿ ಅತ್ತೆ ದಿಂಬುಗಳಿಗೆ ಒರಗಿ ಕೂತಿದ್ದರು. ಕೂತಿದ್ದರೆ ಉಸಿರಾಟ ಸರಾಗವಾಗಿತ್ತು, ಮಲಗಿದರೆ ಸ್ವಲ್ಪ ಭಾರವಾಗುತ್ತಿತ್ತು. ಅವಳು ಎದುರಿಗೆ ಕುಕ್ಕರಿಸಿ, ಬಳಸಿ ಮಾತಾಡದೆ ಹೇಳಿದಳು. "ಅತ್ತೆ, ನೀವು ಸರಿಯಾಗೇ ಒತ್ತಿದ್ರಿ. ತಪ್ಪು ಸರ್ವರ್‌ದು. ಬರುತ್ತೆ ಅಂತ ಸುಳ್ಳು ಹೇಳೋ ಸಾಲು ಬರೆದಿದ್ದು ನಾನೇ. ತೆಗೀಬೇಕಿತ್ತು, ಮರ್ತೆ."

ಗಂಡ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, ಸೊಸೆಯ ಕೈಯಿಂದ ಕಟ್ಟು ಇಸಿದುಕೊಂಡು, ಆ ಎರಡು ದಿನದ ಚೀಟಿ ತೆಗೆದು, ಉತ್ತರ ಕೊಟ್ಟವರು ಎಂಬಲ್ಲಿ ಕಂಪ್ಯೂಟರ್ ಎಂದಿದ್ದನ್ನು ಹೊಡೆದುಹಾಕಿ ಸೊಸೆ ಎಂದು ಬರೆದರು. ಎರಡು ಸಲ, ಗುಂಡಗೆ, ನಿಧಾನವಾಗಿ.

"ಎಕ್ಸ್‌ಚೇಂಜಲ್ಲಿ ಲೈನ್ ಸಿಗದೇ ಇದ್ರೆ ಸಿಕ್ಕಿಲ್ಲ ಅಂತಿದ್ವಿ" ಅಂದರು. "ಜನ ಬೈಯೋರು. ಬಾಯಿಗೆ ಬಂದ ಹಾಗೆ ಬೈಯೋರು. ಬೈಸ್ಕೊಳ್ತಿದ್ವಿ. ಆದ್ರೆ ಎದ್ದು ಬೇರೆ ದಾರಿ ನೋಡ್ಕೊಳ್ಳೋರು. ನೀನು ಅದನ್ನೂ ಕಿತ್ಕೊಂಡ್ಯಲ್ಲೇ."

ಗುರುವಾರ ಬೆಳಿಗ್ಗೆ ಅವಳು ಮುಖ್ಯಸ್ಥರ ಕೋಣೆಗೆ ಹೋದಳು. ಅವರಿಗೆ ಆಫೀಸಿನಲ್ಲಿ ಹಸಿರು ಸಾಹೇಬರು ಎಂದು ಹೆಸರು. ಗೋಡೆಗೆ ಹಾಕಿದ್ದ ದೊಡ್ಡ ಪರದೆಯಲ್ಲಿ ಸರ್ವರ್‌ನ ಉತ್ತರಗಳು ಹಸಿರು ಚುಕ್ಕೆಗಳಾಗಿ ಓಡುತ್ತಿದ್ದವು, ಬಂದವರಿಗೆಲ್ಲ ಅವರು ಅದನ್ನು ತೋರಿಸಿಯೇ ಕೂರಿಸುತ್ತಿದ್ದರು. ಮೇಜಿನ ಮೇಲೆ ಒಂದು ಹಳೆಯ ಫೋನು. ಫೋನ್ ವಿಭಾಗ ಮುಚ್ಚಿದ ಮೇಲೆ ಇಡೀ ಕಟ್ಟಡದಲ್ಲಿ ಉಳಿದಿದ್ದ ತಂತಿ ಫೋನು ಅದೊಂದೇ, ಅದೂ ಅಂದಕ್ಕೆ; ಸಂಪರ್ಕ ಮಾತ್ರ ಇನ್ನೂ ಇತ್ತು.

ಅವಳು ಲೆಕ್ಕ ಒಪ್ಪಿಸಿದಳು. ಅವರು ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಸರಿ ಮಾಡೋಣ ಮೇಡಂ, ಯಾರು ಬೇಡ ಅಂದ್ರು? ಡಿಪೋದವರಿಗೆ ಒಂದು ಪತ್ರ ಬರೆಯೋಣ. ಮುಂದಿನ ತಿಂಗಳು ಪರಿಶೀಲನೆ ಇದೆ, ಅದು ಮುಗೀಲಿ."

"ಡಿಪೋ ಯಂತ್ರ ಯಾವಾಗಾದ್ರೂ ಸರಿ ಮಾಡ್ಲಿ ಸರ್. ಸುಳ್ಳು ಹೇಳೋದನ್ನ ಇವತ್ತೇ ನಿಲ್ಸೋಣ. ಇಲ್ಲ ಅಂದ್ರೆ ಇಲ್ಲ ಅನ್ನಲಿ."

"ಇಲ್ಲ ಅಂದ್ರೆ ಪರದೆ ಮೇಲೆ ಕೆಂಪು ಬರುತ್ತೆ. ಕೆಂಪು ಬಂದ್ರೆ ಮೇಲಿನವರು ಕೇಳ್ತಾರೆ."

"ಕೇಳಲಿ."

"ಕೇಳಿದ್ರೆ ಈ ಸಾಲು ಬರೆದಿದ್ದು ಯಾರು ಅಂತಾನೂ ಕೇಳ್ತಾರೆ." ಅವರು ಮೆಲ್ಲಗೆ ನಕ್ಕರು. "ಹೆಸರು ನಿಮ್ದೇ ಅಲ್ವಾ? ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವಳ ಮೈ ಉರಿದುಹೋಯಿತು. ಇದಕ್ಕಿಂತ ಅವರು ಕೂಗಾಡಿದ್ದರೆ ವಾಸಿ ಇತ್ತು. ಸಾವಿರದ ನಾನೂರು ಸಲ ಜನರನ್ನು ಗೇಟಿನಲ್ಲಿ ಕೂರಿಸಿ, ಅದರ ಮೇಲೆ ತಿಪ್ಪೆ ಸಾರಿಸಿ, ಒಳ್ಳೆಯದಕ್ಕೆ ಎನ್ನುವ ಮನುಷ್ಯನಿಗೆ ಏನೆನ್ನಬೇಕು? "ನನ್ದೇ ಸರ್. ಅದಕ್ಕೇ ತೆಗೀತೀನಿ ಅಂತಿರೋದು" ಎಂದವಳೇ ಬಾಗಿಲನ್ನು ಎಳೆದುಕೊಂಡು ಬಂದಳು. ಬಾಗಿಲು ಬಡಿದ ಸದ್ದಿಗೆ ಹೊರಗೆ ಕೂತಿದ್ದವರು ತಲೆ ತಗ್ಗಿಸಿ ಕೀಲಿಮಣೆ ಕುಟ್ಟತೊಡಗಿದರು.

ಆ ವಾರ ಸರ್ವರ್‌ನ ಪಾಳಿ ಅವಳದು. ಪಾಳಿಯಲ್ಲಿರುವವರು ತುರ್ತಿಗೆ ಯಾರನ್ನೂ ಕೇಳದೆ ಬದಲಾವಣೆ ಹಾಕಬಹುದೆಂದು ನಿಯಮವೇ ಇತ್ತು. ಅಂದು ಮಧ್ಯಾಹ್ನವೆಲ್ಲ ಕೂತು ಬರೆದು, ಪರೀಕ್ಷಿಸಿದಳು. ಡಿಪೋ ಯಂತ್ರ ಮೂರು ಸೆಕೆಂಡಿನಲ್ಲಿ ಮಾತಾಡದಿದ್ದರೆ ಮತ್ತೊಮ್ಮೆ ಕೇಳು. ಆಗಲೂ ಇಲ್ಲವಾದರೆ ಐನೂರ ಮೂರು. ಅದರ ಕೆಳಗೆ ಓದುವವರಿಗೆ ಮೂರು ಮಾತು: *ವಾಹನ ಇಲ್ಲ. ಕಾಯಬೇಡಿ. ವಿಚಾರಿಸಲು ಈ ಸಂಖ್ಯೆಗೆ ಫೋನ್ ಮಾಡಿ.* ಸಂಖ್ಯೆ ಎಂದು ಬರೆದು, ಯಾವ ಸಂಖ್ಯೆ ಎಂದು ತಡೆದಳು. ಕಟ್ಟಡದಲ್ಲಿದ್ದದ್ದೇ ಒಂದು ಫೋನು. ಅದರ ಸಂಖ್ಯೆ ಹಾಕಿದಳು.

ಮನೆಯಲ್ಲಿ, "ನಾಳೆ ನೇರ ಟೈಲರ್ ಕಾರಲ್ಲೇ ಹೋಗಿಬಿಡಿ ಅತ್ತೆ" ಎಂದಳು.

"ಅವರಿಗೆ ಹೇಳಿಟ್ಟಿದ್ದೀನಿ, ಏಳೂವರೆವರೆಗೂ ಇರಿ ಅಂತ. ಆದ್ರೆ ಕೇಳೋದು ಕೇಳ್ತೀನಿ" ಎಂದರು ಅತ್ತೆ. ಬುಧವಾರದಿಂದ ಅವಳೊಡನೆ ಆಡಿದ ಮೊದಲ ಮಾತದು. "ಏನನ್ನುತ್ತೋ ನೋಡೇ ಬಿಡ್ತೀನಿ."

ಶುಕ್ರವಾರ ಆರೂವರೆಗೆ ಆಫೀಸು ಸೇರಿ ಅವಳು ಹೊಸ ಕೋಡನ್ನು ಸರ್ವರ್‌ಗೆ ಹಾಕಿದಳು. ಏಳರವರೆಗೆ ಅವಳ ಮೇಜಿನ ಪರದೆ ಹಸಿರಾಗಿಯೇ ಇತ್ತು. ಏಳು ಐದಕ್ಕೆ ಮೊದಲ ಕೆಂಪು ಚುಕ್ಕೆ. ಏಳು ಹತ್ತಕ್ಕೆ ಎಣಿಸಲಾಗದಷ್ಟು. ಏಳು ಹನ್ನೆರಡಕ್ಕೆ ಅತ್ತೆಯ ಕೋರಿಕೆ ಬಂತು. ಮೂರು ಸೆಕೆಂಡು, ಮತ್ತೆ ಮೂರು ಸೆಕೆಂಡು, ಕೆಂಪು. ಅವಳು ಹಲ್ಲು ಕಚ್ಚಿಕೊಂಡು ಕೂತಳು. ಏಳು ಮೂವತ್ತೈದಕ್ಕೆ, ಅಂದು ಪಾಳಿ ಬದಲಿಸಿಕೊಂಡು ಮನೆಯಲ್ಲಿದ್ದ ಗಂಡನಿಂದ ಸಂದೇಶ: *ಅಮ್ಮ ಟೈಲರ್ ಕಾರಲ್ಲಿ ಹೊರಟರು.* ಅವಳಿಗೆ ಅಳು ಬಂತು. ಅಳಲು ಪುರಸೊತ್ತಿರಲಿಲ್ಲ, ಮುಖ್ಯಸ್ಥರ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

ಹೋಗಿ ಎತ್ತಿದಳು. ಬೈಗುಳ. ಇಟ್ಟಳು, ಮತ್ತೆ ಬಡಿಯಿತು. ಒಬ್ಬ ಮುದುಕ ತನ್ನ ಹೆಂಡತಿಯ ಕಾಲಿನ ಗಾಯದ ಪಟ್ಟಿ ಬದಲಾಯಿಸುವ ದಿನ ಇದು ಎಂದು ನಡುಗುವ ದನಿಯಲ್ಲಿ ಕೂಗಾಡಿದ. ಒಬ್ಬಾಕೆ, ಹೋದ ವಾರವೆಲ್ಲ ಬರುತ್ತೆ ಅಂದು ಕೈ ಕೊಟ್ಟಿರಲ್ಲ ಎಂದು ಉಗಿದಳು. "ಹೌದು, ಕೈ ಕೊಟ್ವಿ. ಇವತ್ತು ಇಲ್ಲ. ಕಾಯ್ಬೇಡಿ" ಎಂದಳು ಅವಳು. ಆಕೆ, "ಅಷ್ಟು ಹೇಳಿದ್ರಲ್ಲ. ತಮ್ಮನ್ನ ಕರೀತೀನಿ" ಎಂದು ಇಟ್ಟಳು. ಒಂಬತ್ತಾಗುವ ಹೊತ್ತಿಗೆ ನಲವತ್ತೊಂದು ಕರೆ. ಪ್ರತಿಯೊಂದಕ್ಕೂ ಅವಳು ಮುಖ್ಯಸ್ಥರ ನೋಟ್‌ಪ್ಯಾಡಿನ ಹಾಳೆ ಹರಿದು ಒಂದೊಂದು ಚೀಟಿ ಬರೆದಿದ್ದಳು. ಮೇಜು ತುಂಬ ಚೀಟಿ.

ಒಂಬತ್ತು ಹತ್ತಕ್ಕೆ ಹಸಿರು ಸಾಹೇಬರು ಒಳಗೆ ಬಂದರು. ಗೋಡೆ ನೋಡಿದರು. ಅವರ ಮುಖ ಪರದೆಯ ಬಣ್ಣಕ್ಕೆ ತಿರುಗಿತು.

"ಯಾರನ್ನ ಕೇಳಿ ಮಾಡಿದ್ರಿ ಇದನ್ನ?"

"ನೀವು ಬೇಡ ಅಂದ್ರಿ. ಆದ್ರೂ ಮಾಡ್ದೆ."

"ಈಗಲೇ ತೆಗೀರಿ!"

"ತೆಗೆಯಲ್ಲ. ಬೇಕಿದ್ರೆ ನೀವು ತೆಗೀರಿ. ಆದ್ರೆ ಟಿಪ್ಪಣಿ ಬರೀರಿ, ಇಂಥ ದಿನ ನಾನು ತೆಗೆದೆ ಅಂತ. ಮೂರು ವರ್ಷ ಆದ್ಮೇಲೆ ಯಾರಾದ್ರೂ ನೋಡಿದ್ರೆ ಸರಿಯಾದ ಹೆಸರು ಸಿಗಲಿ." ಅವಳ ದನಿ ಕಟ್ಟಡದ ಆ ತುದಿಗೆ ಕೇಳುತ್ತಿತ್ತು, ಕೇಳಲಿ ಎಂದೇ ಕೂಗುತ್ತಿದ್ದಳು. "ನನ್ನನ್ನ ಮನೆಗೆ ಕಳಿಸ್ತೀರಾ, ಕಳಿಸಿ. ಸುಳ್ಳು ಬರೆದಿದ್ದಕ್ಕೆ ಕಳಿಸಿ, ಒಪ್ಪಿಕೊಂಡು ಹೋಗ್ತೀನಿ. ನಿಜ ಹೇಳ್ಸಿದ್ದಕ್ಕೆ ಕಳಿಸಿದ್ರೆ ಮಾತ್ರ ಸುಮ್ಮನೆ ಹೋಗಲ್ಲ!"

ಫೋನು ಬಡಿಯಿತು. ಇಬ್ಬರೂ ಅದನ್ನೇ ನೋಡಿದರು. ಅವಳು ಕೈ ಕಟ್ಟಿಕೊಂಡು ನಿಂತಳು.

"ನಿಮ್ಮ ಫೋನು" ಎಂದಳು.

ಬಾಗಿಲ ಹತ್ತಿರ ಅಷ್ಟು ಹೊತ್ತಿಗೆ ಐದಾರು ಜನ ಸೇರಿದ್ದರು. ಅವರ ಎದುರು ಎತ್ತದೆ ಇರಲಾಗಲಿಲ್ಲ. ಸಾಹೇಬರು ಎತ್ತಿ ಗಂಭೀರವಾಗಿ ಹಲೋ ಎಂದರು. ಆ ಕಡೆಯ ದನಿ ರಿಸೀವರಿನಿಂದ ಕೋಣೆಗೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು. ಮೂವತ್ತೊಂದು ವರ್ಷ ತಂತಿಯ ಮೇಲೆ ಪಳಗಿದ ದನಿ.

"ನಮಸ್ಕಾರ. ಏಳು ಹನ್ನೆರಡಕ್ಕೆ ವಾಹನ ಕೇಳಿದ್ದೆ. ಇಲ್ಲ ಅಂತ ಬಂತು. ಬೇರೆ ಕಾರಲ್ಲಿ ಬಂದು ಹಾಸಿಗೆ ಮೇಲಿದ್ದೀನಿ, ಒಂದು ಕೈಗೆ ಸೂಜಿ ಹಾಕಿದ್ದಾರೆ, ಇನ್ನೊಂದು ಕೈ ಖಾಲಿ ಇದೆ. ನನ್ನ ಚೀಟಿ ಮುಗಿಸ್ಬೇಕು. ವಾಹನ ಇತ್ತೋ ಇಲ್ವೋ, ಬಾಯಿಬಿಟ್ಟು ಹೇಳಿ."

"ಅಮ್ಮಾ, ನೋಡಿ, ತಾಂತ್ರಿಕ ಕಾರಣಗಳಿಂದಾಗಿ ನಮ್ಮ ಸೇವೆ..."

"ಇತ್ತೋ, ಇಲ್ವೋ?"

ಅವರು ಗೋಡೆಯ ಮೇಲಿನ ಕೆಂಪನ್ನು ನೋಡಿದರು, ಬಾಗಿಲಲ್ಲಿ ನಿಂತವರನ್ನು ನೋಡಿದರು, ಮೇಜಿನ ಮೇಲಿನ ಚೀಟಿಗಳನ್ನು ನೋಡಿದರು. ಅವಳ ಕಡೆ ಮಾತ್ರ ನೋಡಲಿಲ್ಲ.

"ಇಲ್ಲಮ್ಮ" ಎಂದರು. "ಇರಲಿಲ್ಲ."

"ಬುಧವಾರ?"

"ಬುಧವಾರಾನೂ... ಇರಲಿಲ್ಲ."

"ಸರಿ. ಬರ್ಕೊಂಡೆ. ಒಂಬತ್ತು ಹದಿನಾರು." ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಆಮೇಲೆ ಅತ್ತೆ, ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೇ, ಒಂದಿಷ್ಟೂ ಏರಿಳಿತವಿಲ್ಲದೆ ಕೇಳಿದರು: "ಉತ್ತರ ಕೊಟ್ಟವರ ಹೆಸರು?"